ಕೂಡಿಸಿ ಕೇಳುವ ಅಮೀರ್ಬೀ

ಚಿತ್ತಾಪುರದ ಸರಕಾರಿ ದವಾಖಾನೆಯ ಪಡಸಾಲೆಗೆ ಇನ್ನೂ ಬಿಸಿಲು ಬಿದ್ದಿಲ್ಲ. ಪುಷ್ಯದ ಚಳಿ. ನೆಲಕ್ಕೆ ಹಾಸಿದ ಫರಸಿ ಕಲ್ಲು ಕಾಲಿಟ್ಟರೆ ಕೊರೆಯುತ್ತದೆ. ಮೊದಲ ಬಸ್ಸಿಗೆ ಬಂದವರು ಕೌದಿ, ಕಂಬಳಿ ಹೊದ್ದು ಗೋಡೆಗೆ ಮುದುಡಿ ಕುಳಿತಿದ್ದಾರೆ. ಕಸ ಹೊಡೆಯುತ್ತ ಬಂದ ಆಯಾ ಅಮೀರ್ಬೀ ಒಬ್ಬ ಹೆಂಗಸಿನ ಮುಂದೆ ಬಂದು ಕಸಬರಿಗೆ ನಿಲ್ಲಿಸುತ್ತಾರೆ. ಎಲ್ಲರೂ ನಡುಗುತ್ತಿದ್ದರೆ ಈಕೆ ಮಾತ್ರ ಕಂಬಳಿಯನ್ನು ಆಚೆ ನೂಕಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಾಳೆ. ಮುಖ, ಕುತ್ತಿಗೆ ಕೆಂಪಗಾಗಿವೆ. ಹಣೆಯ ಕುಂಕುಮ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿದೆ.

“ಯಾವೂರವ್ವಾ?” ಎಂದು ಅಮೀರ್ಬೀ ಕೇಳಿದರೆ ಪಕ್ಕದಲ್ಲಿದ್ದ ಗಂಡ ಹಣಮಂತರಾಯ ಉತ್ತರ ಕೊಡುತ್ತಾನೆ. “ಗುಂಡಗುರ್ತಿ ರಿ. ಈಕಿ ನನ್ನ ಹೇಣ್ತಿ, ಭೀಮಬಾಯಿ. ಗಾಳಿ ಬಡದದ. ರಾತ್ರಿ ಮಕ್ಕೊಳಾಂಗಿಲ್ಲ, ಎದ್ದು ಅಂಗಳದಾಗ ತಿರಗತಾಳ. ಸುಮ್ಮಸುಮ್ಮನ ಅಳತಾಳ, ಸೊಸಿ ಮ್ಯಾಲ ಹರಿಹಾಯತಾಳ. ತಾಯತಾ ಕಟ್ಟಿಸೀನಿ, ಏನೂ ಆಗಲಿಲ್ಲ. ಇನ್ನ ತವರಮನಿಗಿ ಬಿಟ್ಟು ಬರ್ತೀನಿ ಅಂದ್ರ, ಮಗ ಒಮ್ಮಿ ದವಾಖಾನಿಗಿ ತೋರ್ಸು ಅಂದ.”

ಭೀಮಬಾಯಿ ತಲೆ ಎತ್ತುವುದಿಲ್ಲ.

“ಅಣ್ಣಾರ, ಡಾಕ್ಟರ್‌ಬಾಯಿ ಬರಲಿಕ್ಕಿ ಇನ್ನಾ ವ್ಯಾಳ್ಯಾ ಅದ. ನೀವು ಹೊರಗ ಹೋಗಿ ಚಾ ಕುಡದು ಬರ್ರಿ,” ಎನ್ನುತ್ತಾರೆ ಅಮೀರ್ಬೀ. ಆಮೇಲೆ ಆಕೆಯ ಕೈ ಹಿಡಿದು, “ಏಳು ತಂಗಿ, ಒಳಗ ಬಾ.”

ಒಳಗೆ ಎಂದರೆ ಪಡಸಾಲೆಯ ಮೂಲೆ. ಒಂದು ಹಸಿರು ಪರದೆ, ಅದರ ಹಿಂದೆ ಒಂದು ಬೆಂಚು, ನೀರಿನ ರಂಜಣಿಗೆ. ತಣ್ಣೀರು ಕೊಟ್ಟು, ತಾವೂ ಪಕ್ಕದಲ್ಲಿ ಕುಳಿತು, ಅಮೀರ್ಬೀ ಮಾತಿಗಿಳಿಯುತ್ತಾರೆ. ಮಕ್ಕಳೆಷ್ಟು, ಸೊಸೆ ಯಾವೂರವಳು, ಜೋಳ ಹೇಗಿದೆ. ಇದೆಲ್ಲ ಕಾಡುಹರಟೆಯಂತೆ ಕೇಳಿಸುತ್ತದೆ. ಭೀಮಬಾಯಿಯ ಬಿಗಿದ ಹೆಗಲು ಮೆಲ್ಲಗೆ ಸಡಿಲಾಗುತ್ತದೆ.

“ನೆಟ್ಟಗ ಹೋಗಿ, ಕಡಿಗಿ ಕುಂತು ಎಷ್ಟ ದಿನ ಆತು ಅಂತ ಕೇಳಿದ್ರ ಯಾರೂ ಬಾಯಿ ಬಿಡಾಂಗಿಲ್ಲರಿ,” ಎಂದು ಅಮೀರ್ಬೀ ಆಮೇಲೆ ನನಗೆ ಹೇಳುತ್ತಾರೆ. ಕಡಿಗೆ ಕೂರುವುದು ಎಂದರೆ ಮುಟ್ಟಾಗುವುದು. “ತಾರೀಕ ಅಂತೂ ಯಾರಿಗೂ ನೆಪ್ಪಿರಾಂಗಿಲ್ಲ. ಹಬ್ಬ ನೆಪ್ಪಿರತಾವ. ಪಂಚಮಿಗಿ ಜೋಕಾಲಿ ಆಡಿದೇನವ್ವಾ, ಕಡಿಗಿ ಕುಂತಿದ್ದೇನು ಅಂತ ಕೇಳತೀನಿ. ನಮ್ಮ ಮಂದಿಗಾದ್ರ, ರಮಜಾನದಾಗ ರೋಜಾ ಎಷ್ಟ ಬಿಟ್ಟಿ ಅಂತೀನಿ. ಅಲ್ಲಿಂದ ಲೆಕ್ಕ ಸಿಗತದ.”

ಭೀಮಬಾಯಿಯ ಲೆಕ್ಕ ಎಳ್ಳಮಾಸಿಗೆ, ಎಂದರೆ ಹೊಲಕ್ಕೆ ಹೋಗಿ ಬೆಳೆಗೆ ನೈವೇದ್ಯ ಚೆಲ್ಲುವ ಎಳ್ಳು ಅಮಾವಾಸ್ಯೆಗೆ ಸಿಗುತ್ತದೆ. “ಹ್ವಾದ ವರ್ಷದ ಎಳ್ಳಮಾಸಿಗಿ ಹೊಲಕ್ಕ ಚರಗಾ ಚೆಲ್ಲಲಿಕ್ಕಿ ಹೋಗಲಿಲ್ಲಕ್ಕಾ, ಕಡಿಗಿ ಕುಂತಿದ್ದೆ. ಅದೇ ಕಡೀದು. ಅದಕ್ಕೂ ಮೊದಲ ಎರಡ ತಿಂಗಳಿಗೊಮ್ಮಿ, ಮೂರ ತಿಂಗಳಿಗೊಮ್ಮಿ ಆಗತಿತ್ತು. ಮೈಯಾಗ ಒಲಿ ಹಚ್ಚಿದಂಗ ಆಗತದ. ಎದಿ ಢವಢವ ಅಂತದ. ನನಗ ಹುಚ್ಚ ಹಿಡೀಲಿಕತ್ತದೇನಕ್ಕಾ?”

ಅಮೀರ್ಬೀ ಅವಸರದಲ್ಲಿ ಉತ್ತರ ಕೊಡುವುದಿಲ್ಲ. ಕೆಮ್ಮು ಇದೆಯೇ, ಸಂಜೆ ಮುಂದೆ ಜ್ವರ ಬರುತ್ತದೆಯೇ, ಮೈ ಇಳಿದಿದೆಯೇ ಎಂದು ಒಂದೊಂದಾಗಿ ಕೇಳುತ್ತಾರೆ. ರಾತ್ರಿ ಬೆವರುವುದು ಕ್ಷಯದಲ್ಲೂ ಉಂಟು. ಮುಟ್ಟು ನಿಂತಿದ್ದು ಬಸಿರಿನಿಂದಲೂ ಇರಬಹುದು. ಇದನ್ನೆಲ್ಲ ಅವರಿಗೆ ಕಲಿಸಿದವರು ಡಾ. ಕಮಲಾಕ್ಷಿ.

ಮೈಸೂರು ಕಡೆಯವರಾದ ಕಮಲಾಕ್ಷಿ ಕೆಲವು ವರ್ಷಗಳ ಹಿಂದೆ ವರ್ಗವಾಗಿ ಇಲ್ಲಿಗೆ ಬಂದಾಗ, ಇಲ್ಲಿನ ಹೆಂಗಸರ ಮಾತು ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ, ಅವರ ಮಾತು ಹೆಂಗಸರಿಗೂ ಅಷ್ಟೆ. ನಡುವೆ ನಿಂತು ಅತ್ತಿಂದಿತ್ತ ಮಾತು ದಾಟಿಸಿದವರು ಅಮೀರ್ಬೀ. ಈಗಲೂ ಪರದೆಯ ಹಿಂದೆ ಕೇಳಿದ್ದನ್ನೆಲ್ಲ ಅವರು ಡಾಕ್ಟರಿಗೆ ಒಪ್ಪಿಸುತ್ತಾರೆ. ಡಾಕ್ಟರು ಭೀಮಬಾಯಿಯ ರಕ್ತದೊತ್ತಡ ನೋಡಿ, ಕುತ್ತಿಗೆ ಮುಟ್ಟಿ, ಹೊಟ್ಟೆ ಪರೀಕ್ಷಿಸಿ, ಹಣಮಂತರಾಯನನ್ನು ಕರೆಸುತ್ತಾರೆ.

“ನಿಮ್ಮ ಹೆಂಡತಿಗೆ ಹುಚ್ಚೂ ಇಲ್ಲ, ಗಾಳಿಯೂ ಇಲ್ಲ. ಮುಟ್ಟು ನಿಲ್ಲುವ ವಯಸ್ಸು. ಅದಕ್ಕೇ ಮೈ ಕಾಯುತ್ತೆ, ನಿದ್ದೆ ಹೋಗುತ್ತೆ, ಅಳು ಬರುತ್ತೆ. ನಿಧಾನವಾಗಿ ಕಡಿಮೆಯಾಗುತ್ತೆ.”

ಹಣಮಂತರಾಯನಿಗೆ ಇನ್ನೂ ಅನುಮಾನ. “ಹಂಗಾರ ಗಾಳಿ ಅಲ್ಲೇನ್ರಿ?”

“ಆಕಿಗಿ ಗಾಳೀನೇ ಬೇಕಾಗೇದ್ರಿ ಅಣ್ಣಾರ,” ಎನ್ನುತ್ತಾರೆ ಅಮೀರ್ಬೀ. “ಮಕ್ಕೊಳಾಗ ಕಿಟಕಿ ತೆರದಿಡ್ರಿ.”

ಭೀಮಬಾಯಿ ಫಕ್ಕನೆ ನಗುತ್ತಾಳೆ. ಹೆಂಡತಿ ನಕ್ಕದ್ದನ್ನು ಗಂಡ ಬೆರಗಾಗಿ ನೋಡುತ್ತಾನೆ. ಕಂಬಳಿ ಮಡಚಿ ತನ್ನ ಹೆಗಲಿಗೆ ಹಾಕಿಕೊಂಡು, “ನಡಿ, ನಮ್ಮ ಮನಿಗಿ ಹೋಗಾಮು,” ಎನ್ನುತ್ತಾನೆ. ತವರಿನ ಮಾತು ಅಲ್ಲಿಗೆ ಮುಗಿಯುತ್ತದೆ.

ಅಮೀರ್ಬೀ ಹುಟ್ಟಿ ಬೆಳೆದದ್ದು ಶಹಾಬಾದಿನಲ್ಲಿ. ಗಂಡ ಬಂದೇಅಲಿ ಕಲ್ಲಿನ ಖಣಿಯಲ್ಲಿ ಫರಸಿ ಎಬ್ಬಿಸುತ್ತಿದ್ದರು. ಕಲ್ಲಿನ ಧೂಳು ಎದೆಯಲ್ಲಿ ಕೂತು, ಉಸಿರಿಗೆ ಒದ್ದಾಡಿ ಹೋದರು. ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅಮೀರ್ಬೀ ಚಿತ್ತಾಪುರಕ್ಕೆ ಬಂದು ಆಯಾ ಕೆಲಸಕ್ಕೆ ಸೇರಿದರು. ಹೆರಿಗೆ ಕೋಣೆ ತೊಳೆದರು, ಬಟ್ಟೆ ಒಗೆದರು. ಮಕ್ಕಳ ನಿಕಾಹ ಮುಗಿಯುವ ಹೊತ್ತಿಗೆ ಅವರ ಮೈಯಲ್ಲೇ ಬೆಂಕಿ ಹೊತ್ತಿತು.

“ನಾನೂ ಹುಚ್ಚ ಹಿಡೀತು ಅಂತೇ ತಿಳಕೊಂಡಿದ್ದೆರಿ. ನೌಕರಿ ಹೋಗತದ ಅಂತ ಯಾರ ಮುಂದೂ ಹೇಳಲಿಲ್ಲ. ಒಂದಿನ ಕೈಯಾಗಿನ ತಾಟ ಬಿಟ್ಟು ನೆಲಕ್ಕ ಕುಂತೆ. ಡಾಕ್ಟರ್‌ಬಾಯಿ ತಮ್ಮ ಕುರ್ಚಿ ಸರಸಿ, ‘ಇಲ್ಲಿ ಕೂತ್ಕೊಳ್ಳಿ ಅಮೀರ್ಬೀ, ಏನಾಗ್ತಿದೆ ಹೇಳಿ’ ಅಂದರು. ಹುಟ್ಟಿದಾಗಿಂದ ನನಗ ಯಾರೂ ಹಂಗ ಕೂಡಿಸಿ ಕೇಳಿರಲಿಲ್ಲರಿ. ಬ್ಯಾನಿ ಹೇಳೂದಕಿಂತ ಮೊದಲ ಅತ್ತುಬಿಟ್ಟೆ. ಅವರ ಉಪಕಾರ ನಾ ಸಾಯೂತನಾ ಮರೆಯಾಂಗಿಲ್ಲ.”

ಅದಾದ ಮೇಲೆಯೇ ಅಮೀರ್ಬೀ ಪರದೆ ಕಟ್ಟಿ ಬೆಂಚು ಹಾಕಿದರು.

ಆ ಬೆಂಚಿನ ಮೇಲೆ ಒಮ್ಮೆ ಮಳಖೇಡದ ಪೀರಮ್ಮ ಬಂದು ಕುಳಿತರು. ಮೊಣಕಾಲು ನೋವಿಗೆ ಔಷಧ ಬೇಕಿತ್ತು. ಗಂಡ ಇಲ್ಲ, ಮುಟ್ಟು ನಿಂತೂ ವರ್ಷಗಳಾಗಿದ್ದವು. “ನಿಂತ ಮ್ಯಾಲ ಮತ್ತ ಕಂಡದೇನು ಯವ್ವಾ?” ಎಂದು ಅಮೀರ್ಬೀ ಎಲ್ಲರನ್ನೂ ಕೇಳುವ ಹಾಗೆಯೇ ಆಕೆಯನ್ನೂ ಕೇಳಿದರು. ಪೀರಮ್ಮ ಥಟ್ಟನೆ ಇಲ್ಲ ಎಂದರು.

“ಇಲ್ಲ ಅನ್ನೂದ್ರಾಗೂ ಥರಾವರಿ ಇರತಾವ್ರಿ. ಆ ಇಲ್ಲ ಭಾಳ ಅವಸರದ್ದಿತ್ತು.”

ಅಮೀರ್ಬೀ ಮತ್ತೆ ಕೇಳಲಿಲ್ಲ, ಎದ್ದೂ ಹೋಗಲಿಲ್ಲ. ಪೀರಮ್ಮನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕುಳಿತರು. ಬಹಳ ಹೊತ್ತಿನ ಮೇಲೆ ಪೀರಮ್ಮ ಸೆರಗು ಬಾಯಿಗೊತ್ತಿ, “ದೀಪಾವಳಿಯಿಂದ ಕಾಣಸಲಿಕತ್ತದ. ಗಂಡ ಇಲ್ಲದಾಕಿಗಿ ಹಿಂಗಾದ್ರ ಮಂದಿ ಏನಂತಾರ? ನನ್ನ ಮಾನ ಹೋಗತದ,” ಎಂದರು.

ಡಾಕ್ಟರು ಪರೀಕ್ಷಿಸಿ, ನಿಂತ ಮೇಲೆ ಮತ್ತೆ ರಕ್ತ ಕಂಡರೆ ತಡ ಮಾಡಬಾರದು, ಗುಲಬರ್ಗಾಕ್ಕೆ ಹೋಗಲೇಬೇಕು ಎಂದರು. ಮೈದುನ ರೇವಣಪ್ಪ ಆ ದೂರಕ್ಕೆ ಯಾರು ಕರೆದೊಯ್ಯಬೇಕೆಂದು ಕೈಚೆಲ್ಲಿದ. ಅಮೀರ್ಬೀ ರಜೆ ಹಾಕಿ ತಾವೇ ಹೊರಟರು. ವಾಡಿಯಲ್ಲಿ ಗಾಡಿ ಬದಲಿಸುವಾಗ ಪೀರಮ್ಮ ಪ್ಲಾಟ್‌ಫಾರ್ಮಿನ ಮೇಲೆ ಕುಳಿತುಬಿಟ್ಟರು. “ಮನಿಗಿ ಹೋಗಾಮು ಬೀ. ಸತ್ತರ ನಮ್ಮೂರಾಗೇ ಸಾಯತೀನಿ.”

“ಸಾಯಲಿಕ್ಕಿ ಅಲ್ಲ ಯವ್ವಾ, ನಿನಗ ಉಳಸ್ಕೊಳಾಕ ಹೊಂಟೀನಿ. ನೀ ಏಳೂತನಾ ನಾನೂ ಇಲ್ಲೇ ಕುಂದ್ರತೀನಿ,” ಎಂದು ಅಮೀರ್ಬೀ ನೆಲಕ್ಕೆ ಕುಳಿತರು. ಗುಲಬರ್ಗಾ ಗಾಡಿ ಬಂದು ನಿಂತಾಗ ಪೀರಮ್ಮನೇ ಮೊದಲು ಎದ್ದರು.

ಗರ್ಭಕೋಶದಲ್ಲಿ ಗಡ್ಡೆ ಇತ್ತು. ಕೆಟ್ಟ ಗಡ್ಡೆಯೇ, ಆದರೆ ಇನ್ನೂ ಹಬ್ಬಿರಲಿಲ್ಲ. ಶಸ್ತ್ರಚಿಕಿತ್ಸೆಯಾಗಿ ಪೀರಮ್ಮ ಊರಿಗೆ ಮರಳಿದರು. ಈಗ ತೊಗರಿ ಕಾಯಿ ಬಲಿತರೆ ಸಾಕು, ಮಡಿಲ ತುಂಬ ತಂದು ಬೆಂಚಿನ ಮೇಲೆ ಸುರಿದು ಹೋಗುತ್ತಾರೆ.

“ಆಕಿ ಧೈರ್ಯ ಮಾಡಿ ಹೇಳಿದಳು, ಡಾಕ್ಟರ್‌ಬಾಯಿ ಗುರ್ತ ಹಿಡದರು. ನಾ ಬರೇ ಬಾಜೂಕ ಕುಂತಿದ್ದೆ,” ಎನ್ನುತ್ತಾರೆ ಅಮೀರ್ಬೀ.

ನಿವೃತ್ತಿ ಹತ್ತಿರ ಬಂದಿದೆ. ಏನಾದರೂ ಆಸೆ ಇದೆಯೇ ಎಂದರೆ ಅವರು ಕಸಬರಿಗೆಯನ್ನು ಗೋಡೆಗೆ ಒರಗಿಸಿ ಬೆಂಚಿನ ಮೇಲೆ ಕೂರುತ್ತಾರೆ.

“ಹುಡುಗಿ ದೊಡ್ಡಾಕಿ ಆದ್ರ ಹಸಿರು ಸೀರಿ ಉಡಸ್ತಾರ, ಆರತಿ ಮಾಡತಾರ, ಓಣಿ ಮಂದಿ ಎಲ್ಲಾ ಬಂದು ಹಾಡತಾರ. ಅದು ನಿಂತಾಗ ಯಾರಿಗೂ ಗೊತ್ತೇ ಆಗಾಂಗಿಲ್ಲ. ಆರತಿ ಬ್ಯಾಡರಿ. ಮನ್ಯಾಗ ಯಾರರೆ ಒಬ್ಬರು ಬಾಜೂಕ ಕುಂತು, ಹ್ಯಾಂಗಿದ್ದೀಯವ್ವಾ ಅಂತ ಕೇಳಿದ್ರ ಸಾಕು.”