ತಂಗಿ ಗುಡಿಸಿದ ಮೂಲೆಗಳು

ನಿವೃತ್ತಳಾದ ಮಾರನೆಯ ದಿನ ಹೆಡ್ ನರ್ಸ್ ತನ್ನ ಮನೆಯನ್ನು ಮೊದಲ ಸಲ ಹಗಲು ಬೆಳಕಿನಲ್ಲಿ ನಿಧಾನವಾಗಿ ನೋಡಿದಳು. ಮೂವತ್ತೊಂದು ವರ್ಷ ಪಾಳಿ ಮುಗಿಸಿ ಬಂದು ಉಂಡು ಮಲಗಿದ ಮನೆ ಅದು. ಕಸ, ಮುಸುರೆ, ಬಟ್ಟೆ ಎಲ್ಲ ತಂಗಿಯ ಪಾಲು. ಗಂಡ ಬಿಟ್ಟುಹೋದ ವರ್ಷ ಒಂದು ಟ್ರಂಕು ಹಿಡಿದು ಬಂದ ತಂಗಿ ಅಲ್ಲೇ ಉಳಿದವಳು, ಅಕ್ಕ ಹಾಕಿದ ಗೆರೆ ದಾಟಿದವಳಲ್ಲ.

ನೆಲದ ನಡುಭಾಗ ಕನ್ನಡಿಯಂತಿತ್ತು. ಮೂಲೆಗಳಲ್ಲಿ ಮಾತ್ರ ಧೂಳು ಉಂಡೆಗಟ್ಟಿತ್ತು.

ಹೆಡ್ ನರ್ಸ್ ಅಂದೇ ಒಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಸೋಮವಾರ ಫ್ಯಾನು, ಮಂಗಳವಾರ ಕಿಟಕಿ ಸರಳು, ಬುಧವಾರ ಬಚ್ಚಲು, ಹೀಗೆ ವಾರವಿಡೀ. ಗುಡಿಸಿ ಒರೆಸುವುದಂತೂ ದಿನಾ ಎರಡು ಸಲ. ಅವಳ ವಾರ್ಡಿನೊಳಗೆ ಬರಲು ನೊಣಕ್ಕೂ ಅಪ್ಪಣೆ ಬೇಕು ಎಂದು ಆಯಾಗಳು ನಗುತ್ತಿದ್ದರು. ಈಗ ವಾರ್ಡು ಹೋಗಿ ಮನೆ ಉಳಿದಿತ್ತು, ಆಯಾಗಳು ಹೋಗಿ ತಂಗಿ.

ಮೂಲೆಯ ಧೂಳು ಹೋಗಲಿಲ್ಲ. ಅಕ್ಕ ಪರೀಕ್ಷೆ ಶುರುಮಾಡಿದಳು. ಬೆಳಿಗ್ಗೆ ಐದು ಅಂಗಿ ಗುಂಡಿಗಳನ್ನು ಗೋಡೆಯಂಚಿನಲ್ಲಿ ಅಲ್ಲಲ್ಲಿ ಹಾಕುವಳು. ಗುಡಿಸಿದ ಕಸದಲ್ಲಿ ಐದೂ ಸಿಗಬೇಕು.

"ಮೂರೇ ಇದೆ. ಇನ್ನೆರಡು?"

"ಕಾಣಲಿಲ್ಲ ಅಕ್ಕ."

"ಕಣ್ಣೇನು ನೆತ್ತಿ ಮೇಲಿಟ್ಕೊಂಡಿದ್ದೀಯಾ? ಸಿಗೋವರೆಗೂ ಊಟ ಇಲ್ಲ."

ತಂಗಿ ಮಂಡಿಯೂರಿ, ಗೋಡೆಯುದ್ದಕ್ಕೂ ಅಂಗೈಯಿಂದ ತಡಕುತ್ತ ಹೋಗುವಳು. ಅಕ್ಕ ಕುರ್ಚಿಯಲ್ಲಿ ಕೂತು ನೋಡುವಳು. ಒಮ್ಮೆ ಬಾಗಿಲ ಚೌಕಟ್ಟಿಗೆ ಬಡಿದು ತಂಗಿಯ ಭುಜ ಕಪ್ಪುಗಟ್ಟಿತು. "ಎಮ್ಮೆ ಹಾಗೆ ನುಗ್ಬೇಡ," ಎಂದಳು ಅಕ್ಕ. ಹೀಗೇ ಒಂದು ವರ್ಷ ನಡೆಯಿತು.

ಒಂದು ಶನಿವಾರ ಅಣ್ಣನ ಮಗಳು ಬಂದಳು. ಅವಳು ಮೇಜಿನ ಅಂಚಿಗಿಟ್ಟ ನೀರಿನ ಲೋಟ ಚಿಕ್ಕತ್ತೆಯ ಕೈ ತಗುಲಿ ಬಿತ್ತು. ಚಿಕ್ಕತ್ತೆ ಕೂಡಲೇ ಬಟ್ಟೆ ತಂದು ಕಾಲ ಮುಂದಿನ ನೀರನ್ನು ಒರೆಸಿ ಎದ್ದಳು. ಪಕ್ಕಕ್ಕೆ ಹರಿದ ನೀರು ಹಾಗೇ ಇತ್ತು. ಹುಡುಗಿ ಅದನ್ನೂ ನೋಡಿದಳು, ಚಿಕ್ಕತ್ತೆಯ ಮುಖವನ್ನೂ ನೋಡಿದಳು. ಸೋಮವಾರವೇ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದಳು. ಅಕ್ಕನೂ ಜೊತೆಗೆ ಹೋದಳು.

"ಕಣ್ಣೊಳಗೆ ಒತ್ತಡ ಹೆಚ್ಚಾಗಿ ಸುತ್ತಲಿನ ನೋಟ ಹೋಗಿದೆ," ಎಂದರು ಡಾಕ್ಟರು. "ಕೊಳವೆಯಲ್ಲಿ ಇಣುಕಿದ ಹಾಗೆ, ಎದುರಿಗಿದ್ದದ್ದಷ್ಟೇ ಕಾಣುತ್ತೆ. ಹೋದದ್ದು ವಾಪಸ್ ಬರಲ್ಲ. ಒಂದು ವರ್ಷ ಮೊದಲೇ ಬಂದಿದ್ರೆ ಇನ್ನಷ್ಟು ಉಳೀತಿತ್ತು. ಮನೇಲಿ ಯಾರೂ ಗಮನಿಸಲಿಲ್ವಾ?"

"ನನಗೆ ಗೊತ್ತಿತ್ತು," ಎಂದಳು ತಂಗಿ. "ಹೇಳಿದ್ರೆ, ಕೆಲಸಕ್ಕೆ ಬಾರದವಳನ್ನ ಯಾಕೆ ಸಾಕಲಿ ಅಂತ ಅಕ್ಕ ಕಳಿಸಿಬಿಡ್ತಾಳೆ ಅಂತ ಹೆದರಿದೆ."

ಎಲ್ಲರೂ ಹೆಡ್ ನರ್ಸಿನ ಕಡೆ ತಿರುಗಿದರು. ಹಾಗೇನಿಲ್ಲ ಎಂದು ಒಂದು ಮಾತು ಅಂದಿದ್ದರೂ ಸಾಕಿತ್ತು.

"ಮುಚ್ಚಿಟ್ಟು ನನಗೇ ಕೆಟ್ಟ ಹೆಸರು ತಂದ್ಲು ನೋಡಿ," ಎಂದಳು ಅವಳು.

ಅಣ್ಣನ ಮಗಳು ಅಂದೇ ಸಂಜೆ ಚಿಕ್ಕತ್ತೆಯನ್ನು ತನ್ನ ಮನೆಗೆ ಹೊರಡಿಸಿದಳು. ಆಟೋ ಬಾಗಿಲಲ್ಲಿ ನಿಂತಿತ್ತು. ಖಾಲಿಯಾದ ಕಪಾಟನ್ನು ತೋರಿಸಿ ಅಕ್ಕ ಹೇಳಿದಳು: "ಹೋಗೋ ಮುಂಚೆ ಇದನ್ನ ಒರೆಸಿಟ್ಟು ಹೋಗು."

"ದೊಡ್ಡತ್ತೆ, ನಿಮಗೆ ಮನಸ್ಸು ಅನ್ನೋದು ಇದೆಯಾ?" ಎಂದಳು ಹುಡುಗಿ.

"ಇರಲಿ ಬಿಡಮ್ಮ, ಎರಡು ನಿಮಿಷದ ಕೆಲಸ," ಎಂದು ತಂಗಿ ಬಟ್ಟೆ ಒದ್ದೆ ಮಾಡಿಕೊಂಡು ಬಂದಳು. ಒಂದೊಂದು ಹಲಗೆಯನ್ನೂ ಕೈಯಲ್ಲಿ ಸವರಿ ಒರೆಸಿ, ಬಟ್ಟೆ ಹಿಂಡಿ ಒಣಹಾಕಿ ಆಟೋ ಹತ್ತಿದಳು.

ಆಮೇಲೆ ಬಂದ ಕೆಲಸದವಳು ಒಂಬತ್ತು ದಿನಕ್ಕೇ ಬಿಟ್ಟಳು. ಇನ್ನೊಬ್ಬಳು ಪಟ್ಟಿ ಓದಿಸಿ ಕೇಳಿ ಅಲ್ಲಿಂದಲೇ ತಿರುಗಿ ಹೋದಳು. ಹೆಡ್ ನರ್ಸ್ ತಾನೇ ಕಸಪೊರಕೆ ಹಿಡಿದಳು, ಸೊಂಟ ಹಿಡಿಯಿತು. ತಿಂಗಳು ಕಳೆದ ಮೇಲೆ ತಂಗಿಗೆ ಫೋನ್ ಮಾಡಿದಳು.

"ಯಾವಾಗ ವಾಪಸ್ ಬರ್ತೀಯ?"

"ಬರಲ್ಲ ಅಕ್ಕ," ಎಂದು ತಂಗಿ ಮೆಲ್ಲಗೆ ಫೋನ್ ಇಟ್ಟಳು.

ಮರುದಿನ ತರಕಾರಿಯವಳು ತಂಗಿಯನ್ನು ವಿಚಾರಿಸಿದಾಗ ಹೆಡ್ ನರ್ಸ್ ಬೀನ್ಸ್ ಮುರಿದು ನೋಡುತ್ತ ಅಂದಳು: "ಉಂಡ ಮನೆಗೆ ಎರಡು ಬಗೆದು ಹೋದ್ಲು."