ಗುರುತು ಹಾಕಿದ ಇಲಿ

ಕಕ್ಕಿಂಜೆಯ ಕಾಡಂಚಿನಲ್ಲಿ ನಾನು ಇಲಿಗಳ ಅಧ್ಯಯನ ಮಾಡುತ್ತೇನೆ. ಅಂದರೆ ಬೋನಿನಲ್ಲಿ ಹಿಡಿದು, ತೂಕ ನೋಡಿ, ಗುರುತಿಗಾಗಿ ಬೆನ್ನಿನ ಕೂದಲು ಸ್ವಲ್ಪ ಕತ್ತರಿಸಿ, ಹಿಡಿದಲ್ಲೇ ಬಿಡುವುದು. ಇಲಿಗೆ ನೋವಾಗುವುದಿಲ್ಲ. ಬೋನು ಇಡಲು ತಮ್ಮ ರಬ್ಬರ್ ತೋಟ ಕೊಟ್ಟಿದ್ದ ಗಿರಿಜಕ್ಕ ಒಂದು ಬೆಳಿಗ್ಗೆ ಬಕೆಟ್ ಹಿಡಿದು ಬಂದರು. ಒಳಗೆ ಬೆನ್ನಿನ ಕೂದಲು ಕತ್ತರಿಸಿದ ಇಲಿ.

"ನಿಮ್ಮದು ನಮ್ಮ ಅಡುಗೆಮನೆಗೆ ಬಂದಿತ್ತು."

"ಅದು ಕಾಡಿನದ್ದು, ಅಕ್ಕ."

"ಗುರುತು ಹಾಕಿದ್ದು ಯಾರು? ನಮ್ಮ ದನ ನಿಮ್ಮ ತೋಟಕ್ಕೆ ನುಗ್ಗಿದಾಗ ನಾನು ಹೀಗೇ ಹೇಳಿದರೆ ಒಪ್ತೀರಾ? ಇನ್ನೊಮ್ಮೆ ಬಂದರೆ ನಿಮ್ಮ ಬೋನು ನಮ್ಮಲ್ಲಿ ಬೇಡ."

ಬೋನಿಲ್ಲದೆ ಅಧ್ಯಯನವಿಲ್ಲ. ಮಧ್ಯಾಹ್ನ ಅವರ ಅಡುಗೆಮನೆಯ ಕಿಟಕಿಗೆ ತಂತಿಬಲೆ ಹೊಡೆಯತೊಡಗಿದೆ. ಗಿರಿಜಕ್ಕ ಪಕ್ಕದಲ್ಲೇ ನಿಂತು, "ಸಾಕುವುದು ಅಂದರೆ ಇಷ್ಟೆಲ್ಲ ಉಂಟು ಮಾರಾಯ್ರೆ" ಎಂದರು.

ನಾನು ಸಾಕುತ್ತಿಲ್ಲ ಎಂದು ವಿವರಿಸಬೇಕೆಂದಿದ್ದೆ. ಬಾಯಲ್ಲಿ ಮೊಳೆಗಳಿದ್ದವು.