ಮರಳುಗಾಡಿಗೂ ಮರಳು ತರಿಸುತ್ತಾರೆ

ಬೆಳಿಗ್ಗೆ ಕಸದ ಬಿನ್ ಹೊರಗೆಳೆದಿಟ್ಟೆ, ಯಜಮಾನರ ಬಿಪಿ ಮಾತ್ರೆಗಾಗಿ ನಮ್ಮ ಡಾಕ್ಟರು ಜಿಪಿಗೆ ಫೋನು ಹಚ್ಚಿ, ಯಾರಾದರೂ ಎತ್ತುವವರೆಗೆ ಅವರ ಸಂಗೀತವನ್ನೆಲ್ಲ ಕೇಳಿದೆ, ಬಟ್ಟೆ ಒಣಹಾಕಿ, ಮಳೆ ಬಂತೆಂದು ಮತ್ತೆ ಒಳಗೆ ತಂದೆ. ಆಮೇಲೆ ಮಗಳು ಮರೆತುಹೋಗಿದ್ದ ಊಟದ ಡಬ್ಬಿ ಹಿಡಿದು ಗಾಲ್ಫ್ ಮೈದಾನಕ್ಕೆ ಹೊರಟೆ. ಮಾಡದೆ ಉಳಿದದ್ದು ಒಂದೇ ಕೆಲಸ, ಅವಳಿಗೆ ಉತ್ತರ ಹೇಳುವುದು.

ಮಗಳು ಅದಿತಿ ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡ್‌ನ ಈ ಮೈದಾನದಲ್ಲಿ ಹುಲ್ಲು, ಮರಳು ನೋಡಿಕೊಳ್ಳುವವಳು. ಈಗ ದುಬೈ ಕಡೆಯ ಭಾರಿ ಮೈದಾನವೊಂದು ಬಂಕರ್‌ಗಳ ಉಸ್ತುವಾರಿಗೆಂದು ಎರಡು ವರ್ಷಕ್ಕೆ ಕರೆದಿದೆ. ಬಂಕರ್ ಎಂದರೆ ಯುದ್ಧದ್ದಲ್ಲ; ಚೆಂಡು ಬಿದ್ದು ಒದ್ದಾಡಲೆಂದೇ ತೋಡಿದ ಮರಳುಗುಂಡಿ. ಇವತ್ತು ರಾತ್ರಿಯೊಳಗೆ ತಿಳಿಸಬೇಕು. "ನೀನು ಬೇಡ ಅಂದ್ರೆ ಹೋಗಲ್ಲ ಅಮ್ಮ, ಪ್ರಾಮಿಸ್" ಎಂದುಬಿಟ್ಟಿದ್ದಾಳೆ. ಹಟ ಮಾಡಿದ್ದರೆ ನಾನೂ ಹಟ ಮಾಡಬಹುದಿತ್ತು.

ಅವಳು ಬಂಕರಿನಲ್ಲಿ ಬಾಚಣಿಗೆಯಂಥ ಹಲ್ಲುಗಳ ರೇಕ್ ಎಳೆಯುತ್ತಿದ್ದಳು. ಬಾಚಿದ ತಲೆಯಂತೆ ನುಣ್ಣಗಿದ್ದ ಮರಳು ಕಂಡು ನನ್ನ ಕೈ ತಾನಾಗಿ ಶೂ ಬಿಚ್ಚತೊಡಗಿತು.

"ಅಮ್ಮ! ಇಟ್ಸ್ ನಾಟ್ ಎ ಟೆಂಪಲ್!"

"ಅಷ್ಟು ಚೆನ್ನಾಗಿ ಗೀರು ಎಳೆದಿದೀಯ, ಶೂ ಕಾಲಲ್ಲಿ ತುಳಿಯೋದಾ?"

ಬರಿಗಾಲಲ್ಲಿ ಇಳಿದೆ; ಮರಳಲ್ಲಿ ನನ್ನ ಹತ್ತೂ ಬೆರಳುಗಳ ಗುರುತು ಬಿತ್ತು. ಅವಳು ನಗುತ್ತ, ಹಿಂದಕ್ಕೆ ಹೆಜ್ಜೆಯಿಡುತ್ತ ಅದನ್ನೆಲ್ಲ ಅಳಿಸಿದಳು. ಇಲ್ಲಿ ಮಳೆ ಮರಳನ್ನು ತೊಳೆದುಕೊಂಡು ಹೋದರೆ ಅಲ್ಲಿ ಗಾಳಿ ಹೊತ್ತೊಯ್ಯುತ್ತದಂತೆ. ದಿನಾ ಮೊದಲ ಆಟಗಾರ ಬರುವ ಮುಂಚೆ ಜಾರಿದ ಮರಳನ್ನು ಇಳಿಜಾರಿಗೆ ಏರಿಸಿ, ಕಡ್ಡಿ ಚುಚ್ಚಿ ಆಳ ನೋಡಬೇಕಂತೆ. ಅದೂ ಅಲ್ಲಿಯ ಮರಳಲ್ಲ, ಬೇರೆ ಕಡೆಯಿಂದ ತರಿಸಿದ್ದು.

"ಮರಳುಗಾಡಿಗೆ ಮರಳಾ?"

"ಅಲ್ಲೀದು ಟೂ ರೌಂಡ್, ಅಮ್ಮ. ನಿಲ್ಲಲ್ಲ."

ಗಾಳಿಗೆ ಉರುಳಿ ಉರುಳಿ ಗುಂಡಗಾದ ಕಣಗಳು ಜಾರಿಹೋಗುತ್ತವೆ. ಮೂಲೆಗಳಿರುವ ಕಣಗಳೇ ಒಂದನ್ನೊಂದು ಹಿಡಿದುಕೊಂಡು ಇಳಿಜಾರಿನಲ್ಲಿ ನಿಲ್ಲುವುದು. ನನಗೆ ನಮ್ಮ ಯಜಮಾನರ ನೆನಪಾಯಿತು. ಇಷ್ಟು ವರ್ಷ ಸಂಸಾರ ಮಾಡಿದರೂ ಅವರ ಒಂದು ಮೂಲೆಯೂ ಸವೆದಿಲ್ಲ. ನನ್ನವೂ ಅಷ್ಟೇ ಎಂದು ಅವರು ಹೇಳುತ್ತಾರೆ.

ಅವಳು ಹೇಳುತ್ತಲೇ ಇದ್ದಳು. ನಾನು ಕೊಟ್ಟ ಊಟದ ಡಬ್ಬಿ ಅವಳ ಕೈಯಲ್ಲೇ ಇತ್ತು, ತೆರೆಯಲಿಲ್ಲ. ಹಸಿವು ಮರೆತು ಮರಳಿನ ಮಾತಾಡುವವಳಿಗೆ ನಾನು ಇನ್ನೇನು ಹೇಳಲಿ?

"ಹೋಗು" ಎಂದೆ.

"ರಿಯಲಿ? ನೀನು ಅಳ್ತೀಯ."

"ಅಳ್ತೀನಿ. ಅದಕ್ಕೂ ನಿನ್ನ ಕೆಲಸಕ್ಕೂ ಏನೇ ಸಂಬಂಧ?"

ರಾತ್ರಿ ಊಟಕ್ಕೆ ಚಪಾತಿ, ಮೆಂತ್ಯಸೊಪ್ಪಿನ ಪಲ್ಯ, ಮೊಸರನ್ನ. ವಿಷಯ ಕೇಳಿ ಯಜಮಾನರು ಚಪಾತಿ ಮುರಿಯುತ್ತ, "ಅಲ್ಲಿ ಬಿಸಿಲು ಜಾಸ್ತಿ ಪುಟ್ಟಿ, ಟೋಪಿ ಹಾಕ್ಕೋ" ಎಂದರು. ಅದೇ ಅವರ ಒಪ್ಪಿಗೆ. ಅವಳು ದುಬೈಗೆ ಮೇಲ್ ಕಳಿಸಿ, ಸೋಫಾದಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಎಲ್ಲರಿಗಿಂತ ಮೊದಲು ನಿದ್ದೆಹೋದಳು. ಮೇಲೆ ಹೋಗಿ ಮಲಗು ಎಂದು ಎಬ್ಬಿಸಬೇಕಿತ್ತು. ನೀವೇ ಎಬ್ಬಿಸಿ ಎಂದು ನಾನು, ನೀನೇ ಎಬ್ಬಿಸು ಎಂದು ಅವರು, ಕಣ್ಣಲ್ಲೇ ಜಗಳವಾಡುತ್ತ ಇಬ್ಬರೂ ಕೂತೇ ಇದ್ದೆವು.